ಕೊನೆಯ ಹಾಡಿಗೆ ಬಡಿಯುವ ಸೆಟ್

ಹೋದ ವರ್ಷ ದೀಪಾವಳಿ ಮುಗಿದು ಕಬ್ಬಿನ ಗಾಡಿಗಳು ರಸ್ತೆಗೆ ಇಳಿದಿದ್ದ ದಿನಗಳು. ಗೋಕಾಕದಲ್ಲಿ ನಮ್ಮ ರಿಪೇರಿ ಅಂಗಡಿಯ ಶಟರ್ ಇಳಿಸಿ ಆಗಲೇ ಮೂರು ವರ್ಷವಾಗಿತ್ತು. ನನ್ನ ಹುದ್ದೆ ಏನಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ಅದಕ್ಕೊಂದು ಹೆಸರಿಲ್ಲ. ಬೋರ್ಡಿನ ಮೇಲೆ ನಮ್ಮ ಯಜಮಾನರ ಹೆಸರಿತ್ತು, ಗಿರಾಕಿಗಳ ಜೊತೆ ಹರಟೆಯೂ ಅವರದೇ, ವಾಯರ್ ಬೆಸುಗೆಯೂ ಅವರದೇ. ಟೇಪ್ ರೆಕಾರ್ಡರ್ ಮತ್ತು ಸಿಡಿ ಪ್ಲೇಯರ್‌ಗಳ ಹೊಟ್ಟೆಯೊಳಗೆ ತಿರುಗುವ, ಜಾರುವ, ಉಜ್ಜುವ ಸಾಮಾನೆಲ್ಲ ನನ್ನ ಪಾಲಿಗೆ. ಗಿಯರು, ಬೆಲ್ಟು, ಸಣ್ಣ ಮೋಟಾರು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬೆರಳು ಸಣ್ಣವು, ಕಿವಿ ಚುರುಕು. ಈ ಕೆಲಸಕ್ಕೆ ಅಷ್ಟು ಸಾಕಾಗುತ್ತದೆ.

ಆದರೆ ನಾನು ಮೊದಲೇ ಬರೆಯಬೇಕಾದದ್ದು ಬೇರೆ ಇತ್ತು: ಆಗ ನನಗೆ ಮೊಮ್ಮಗಳು ಹುಟ್ಟಿದ್ದಳು! ನನ್ನ ಒಬ್ಬಳೇ ಮಗಳು ಸುಮಾಳ ಮೊದಲ ಕೂಸು. ಏನು ಮೂಗು, ಏನು ಉಗುರು, ಹಾಲು ಕುಡಿದು ಬಿಡುವಾಗ ಏನು ನಿಟ್ಟುಸಿರು. ಊರಾಗಿನ ಹೆಂಗಸರು ಬಂದು ನೋಡಿ, "ಎಲ್ಲಾ ಕೂಸೂ ಹಿಂಗ ಇರತಾವ ಬಿಡ್ರಿ" ಎಂದು ಹೋದರು. ಅವರು ತಮ್ಮ ಕೂಸುಗಳನ್ನು ಸರಿಯಾಗಿ ನೋಡಿಯೇ ಇಲ್ಲ ಎಂದು ನನ್ನ ಲೆಕ್ಕ. ಅಂಥ ಕಣ್ಣಿಗೆ ಏನು ತೋರಿಸಿ ಏನು ಫಲ?

ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಬಾಣಂತಿ ಸುಮಾ ಒಂದೇ ಮಾತು ಹಿಡಿದು ಕುಳಿತಳು.

"ಆಯಿ ದನಿ ಕೇಳಿದ ಮ್ಯಾಲೇ ನನ್ನ ಕೂಸು ತೊಟ್ಟಿಲಕ್ಕ ಹೋಗೂದು. ಇಲ್ಲಂದ್ರ ಹೋಗೂದಿಲ್ಲ."

ಆಯಿ ಎಂದರೆ ನನ್ನ ಅವ್ವ, ಕುಲಗೋಡದ ನೀಲವ್ವ. ತೀರಿಕೊಂಡು ಬಹಳ ವರ್ಷವಾಯಿತು. ಸುಮಾ ಹುಟ್ಟಿದಾಗ ನಾನು ಬಾಣಂತಿತನಕ್ಕೆ ಕುಲಗೋಡಕ್ಕೆ ಹೋಗಿದ್ದೆ. ಕೂಸನ್ನು ನೋಡಲು ಬಂದ ನಮ್ಮ ಯಜಮಾನರು ರಿಪೇರಿಯಾದ ಒಂದು ಟೇಪ್ ರೆಕಾರ್ಡರನ್ನು ಪರೀಕ್ಷೆ ಮಾಡಲೆಂದು ಜೊತೆಗೆ ತಂದಿದ್ದರು. ಹೆಂಡತಿ ಮಗಳನ್ನು ನೋಡಲು ಬರುವಾಗಲೂ ಬಗಲಲ್ಲಿ ಯಾರದೋ ಸೆಟ್ ಇಟ್ಟುಕೊಂಡು ಬರುವ ಗಂಡಸು! ಅವ್ವ ಹಾಡುತ್ತಿದ್ದಾಗ ಅದರ ಗುಂಡಿ ಒತ್ತಿಬಿಟ್ಟರು. ನಮ್ಮ ತವರಿನ ಹೆಣ್ಣುಮಕ್ಕಳ ಹೆಸರುಗಳನ್ನು ತಲೆತಲಾಂತರದಿಂದ ಒಂದೊಂದು ನುಡಿಗೆ ಒಂದೊಂದರಂತೆ ಕಟ್ಟಿಕೊಂಡು ಬಂದ ಜೋಗುಳ ಅದು. ಅವ್ವನ ಕೊನೆಯ ನುಡಿಯಲ್ಲಿ ಸುಮಾಳ ಹೆಸರೂ ಇದೆ. ನನಗೆ ಮೊದಲ ಎರಡು ನುಡಿ ಬರುತ್ತವೆ, ಮುಂದಿನದು ಬಾರದು. ಬರುವವರು ಯಾರೂ ಉಳಿದಿಲ್ಲ.

ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಲು ಶುರುವಾದಾಗ ಊರಿನ ಒಂದು ಸ್ಟುಡಿಯೋದಲ್ಲಿ ಸಿಡಿ ಮಾಡಿಸಿದೆವು. ಆ ಪುಣ್ಯಾತ್ಮ ಬರೀ ಒಂದು ಹಾಡಿನ ಡಿಸ್ಕ್ ಚಂದ ಕಾಣುವುದಿಲ್ಲವೆಂದು ತನ್ನಲ್ಲಿದ್ದ ಭಜನೆ ಪದಗಳನ್ನೆಲ್ಲ ಮೊದಲು ತುಂಬಿ, ನಮ್ಮವ್ವನನ್ನು ಕಟ್ಟಕಡೆಗೆ ಕೂರಿಸಿದ್ದ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿದ ಹಾಗೆ. ಈಗ ಕ್ಯಾಸೆಟ್ ಇಲ್ಲ. ಇರುವುದು ಆ ಒಂದೇ ಡಿಸ್ಕ್, ಅದರ ಅಂಚಿನಲ್ಲಿ ಬೆಳ್ಳಿಬಣ್ಣ ಏಳಲು ಶುರುವಾಗಿದೆ. ಅಂಚಿನಲ್ಲೇ ಅವ್ವನ ಹಾಡು.

ಅಳಿಯ ಮಂಜುನಾಥನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಕಂಪ್ಯೂಟರ್ ಅಂಗಡಿಯಲ್ಲಿ ಹಾಕಿ ನೋಡಿದರೆ ಅದು ಓದಲಿಲ್ಲ. ಹೀಗೆ ಸ್ಟುಡಿಯೋದಲ್ಲಿ ತುಂಬಿಸಿದ ಹಳೆಯ ಡಿಸ್ಕುಗಳಿಗೆ ಹಳೆಯ ಪ್ಲೇಯರೇ ಬೇಕು, ಅದರ ಕಣ್ಣು ಮಂದವಾದರೂ ತಾಳ್ಮೆ ಹೆಚ್ಚು. ನಮ್ಮಲ್ಲಿದ್ದವನ್ನೆಲ್ಲ ಅಂಗಡಿ ಮುಚ್ಚುವಾಗ ಯಜಮಾನರು ಗುಜರಿಗೆ, ಮೋಡಕಾ ಸಾಮಾನಿನವನಿಗೆ ತೂಕಕ್ಕೆ ಹಾಕಿದ್ದರು. ಆ ವಿಷಯ ಎತ್ತಿದರೆ ಇವತ್ತಿಗೂ ಎದ್ದು ಹೊರಗೆ ಹೋಗುತ್ತಾರೆ.

ಮೂಡಲಗಿಯಲ್ಲಿ ಲಗ್ನಗಳಿಗೆ ಪೆಂಡಾಲು, ಮೈಕ್ ಸೆಟ್ ಬಾಡಿಗೆ ಕೊಡುವ ಶಿವಪ್ಪ ಎಂಬವನೊಬ್ಬನಿದ್ದಾನೆ. ಅವನ ಗೋಡೌನಿನಲ್ಲಿ ಒಂದು ಹಳೆಯ ಪ್ಲೇಯರ್ ಇದೆ ಎಂದು ತಿಳಿದು ಯಜಮಾನರೂ ಅಳಿಯನೂ ಹೋದರು. ನನ್ನನ್ನು ಕರೆಯಲಿಲ್ಲ. ಬಾಣಂತಿಯನ್ನು ಬಿಟ್ಟು ಹೇಗೆ ಬರುತ್ತೀ ಎಂದರು. ಶಿವಪ್ಪ ಒಂದು ಡಿಸ್ಕ್ ಹಾಕಿ ಮೊದಲ ಹಾಡನ್ನು ಅರ್ಧ ಕೇಳಿಸಿ, "ಎಷ್ಟ ಲಗ್ನದಾಗ ಹಾಡೇತ್ರಿ ಇದು, ಒಮ್ಮೆನೂ ಕೈ ಕೊಟ್ಟಿಲ್ಲ. ಬಂಗಾರ ತಗೊಂಡ ಹೊಂಟೀರಿ" ಎಂದನಂತೆ. ಇವರು ಬಂಗಾರ ತೆಗೆದುಕೊಂಡು ಹೊರಟರು. ಇಡೀ ಜನ್ಮ ರಿಪೇರಿ ಅಂಗಡಿಯಲ್ಲಿ ಕುಳಿತವರು ಅರ್ಧ ಹಾಡಿಗೆ ಮರುಳಾಗಿ ಬಂದರೆ ಏನು ಹೇಳುವುದು? ಲಗ್ನದ ಸೆಟ್ ಎಂದರೆ ಪೆಂಡಾಲಿನ ಧೂಳು ಕುಡಿದ ಸೆಟ್ ಎಂದು ಅವರಿಗೆ ಗೊತ್ತಿರಲಿಲ್ಲವೆ?

ಅಲ್ಲಿಂದ ಅದು ನೇರ ಗೋಕಾಕಕ್ಕೆ ಬಂದಿದ್ದರೂ ನಡೆಯುತ್ತಿತ್ತು. ಅಳಿಯ ಅದನ್ನು ತನ್ನ ಊರು ಹುಕ್ಕೇರಿಗೆ ಒಯ್ದ. ಅಲ್ಲಿ ನಮ್ಮ ಬೀಗರು ಈರಪ್ಪನವರು ಎಣ್ಣೆಯ ಗಾಣ ನಡೆಸುತ್ತಾರೆ. ಒಳ್ಳೆಯ ಮನುಷ್ಯರು, ಆದರೆ ಜಗತ್ತಿನಲ್ಲಿ ಏನೇ ಸಪ್ಪಳ ಮಾಡಿದರೂ ಅದಕ್ಕೆ ಎಣ್ಣೆ ಕಡಿಮೆಯಾಗಿದೆ ಎಂದು ತಿಳಿದವರು. ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಮೊಣಕಾಲು ನೋವಿಗೂ ಎಣ್ಣೆ.

ಮರುದಿನ ಮಂಜುನಾಥ ಸೆಟ್ಟನ್ನು ಚಾದರದಲ್ಲಿ ಸುತ್ತಿ ಮೋಟಾರ್ ಸೈಕಲ್ ಮೇಲೆ ತಂದ. ಬಿಚ್ಚಿದೊಡನೆ ನನ್ನ ಮೂಗಿಗೆ ಅಡುಗೆಮನೆಯ ವಾಸನೆ ಬಡಿಯಿತು.

"ಇದನ್ಯಾರು ಎಣ್ಣ್ಯಾಗ ಕರದಾರ?" ಎಂದೆ.

ಅಳಿಯ ತಲೆ ಕೆರೆದುಕೊಂಡ. "ಟ್ರೇ ಹೊರಗ ಬರುವಾಗ ಕರ್ ಅನ್ನಾಕತ್ತಿತ್ರಿ ಅತ್ತಿ. ಅಪ್ಪ ಸ್ವಲ್ಪ ಕುಸುಬಿ ಎಣ್ಣಿ ಬಿಟ್ಟಾರ."

"ಸ್ವಲ್ಪ? ಇದರಾಗ ಒಂದ ಬುಟ್ಟಿ ಭಜಿ ಕರೀಬಹುದು."

"ಒಳ್ಳೇ ಎಣ್ಣೀರಿ, ಗಾಣದ್ದು."

"ಗಾಣದ್ದಂತ ನಂಗೂ ಗೊತ್ತು. ಸಿಡಿ ಪ್ಲೇಯರ್ ಏನು ಬಾಣಂತಿ ಅಲ್ಲ, ಎಣ್ಣಿ ತಿಕ್ಕಿ ಜಳಕಾ ಮಾಡಸಾಕ."

ಓದುವವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಿಡಿ ಪ್ಲೇಯರಿನಲ್ಲಿ ಮುಖ್ಯವಾಗಿ ಮೂರು ಮೋಟಾರುಗಳಿರುತ್ತವೆ. ಒಂದು ಟ್ರೇಯನ್ನು, ಅಂದರೆ ಡಿಸ್ಕ್ ಇಡುವ ತಟ್ಟೆಯನ್ನು, ಹೊರಗೆ ತಂದು ಒಳಗೆ ಒಯ್ಯುತ್ತದೆ. ಒಂದು ಡಿಸ್ಕನ್ನು ತಿರುಗಿಸುತ್ತದೆ. ಮೂರನೆಯದು ಲೆನ್ಸನ್ನು, ಅಂದರೆ ಡಿಸ್ಕ್ ಓದುವ ಕಣ್ಣನ್ನು, ಹಲ್ಲಿನ ಪಟ್ಟಿಯ ಮೇಲೆ ಮೆಲ್ಲಗೆ ದಬ್ಬಿಕೊಂಡು ಹೋಗುತ್ತದೆ. ಟ್ರೇ ಕರ್ ಎಂದರೆ ಅದರ ರಬ್ಬರ್ ಬೆಲ್ಟ್ ಸಡಿಲಾಗಿದೆ ಎಂದರ್ಥ. ಅದಕ್ಕೆ ಬೇಕಾದದ್ದು ಹೊಸ ಬೆಲ್ಟ್. ಎಣ್ಣೆ ಬಿಟ್ಟರೆ ರಬ್ಬರ್ ಉಬ್ಬಿ ಇನ್ನಷ್ಟು ಜಾರುತ್ತದೆ. ಎಣ್ಣೆ ಹರಡಿ ಲೆನ್ಸಿಗೆ ತಾಗಿದರೆ ಕಣ್ಣಿಗೇ ಪೊರೆ. ಬಡಿದರೆ ಸರಿಹೋಗುತ್ತದೆ ಎನ್ನುವವರನ್ನು ನಾನು ಹೇಗೋ ಕ್ಷಮಿಸುತ್ತೇನೆ, ಅವರ ಪೆಟ್ಟು ಒಂದು ಸಲ ಬಿದ್ದು ಮುಗಿಯುತ್ತದೆ. ಎಣ್ಣೆ ಬಿಡುವವರನ್ನು ಕ್ಷಮಿಸಲಾರೆ. ಅವರ ಉಪಕಾರ ಒಳಗೇ ಉಳಿದುಕೊಂಡು ಹರಡುತ್ತ ಹೋಗುತ್ತದೆ.

ಮಧ್ಯಾಹ್ನವೆಲ್ಲ ಕೂತು ಅರಳೆಗೆ ಸ್ಪಿರಿಟ್ ಹಚ್ಚಿ ಬೀಗರ ಉಪಕಾರವನ್ನು ಒರೆಸಿದೆ. ಮುಂದಿನ ಬದಿಯಲ್ಲಿ ಕಪ್ಪು ಅಂಟು ಹಿಡಿದಿತ್ತು. ನಾಲಿಗೆಗೆ ಹಚ್ಚಿ ನೋಡಬೇಕಿಲ್ಲ, ಗೋಕಾಕದಲ್ಲಿ ಬಾಳಿದ ಯಾರಿಗೂ ಬೆಲ್ಲದ ಪಾಕದ ಜಿಗುಟು ಗೊತ್ತಾಗುತ್ತದೆ. ಕರದಂಟು ತಿಂದ ಕೈಯಿಂದಲೇ ಡಿಸ್ಕ್ ಹಾಕುವ ಜನ. ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಒಂದು ಬೆಲ್ಟ್ ಹಾಕಿದೆ, ಟ್ರೇ ಬಾಯಿ ಮುಚ್ಚಿಕೊಂಡು ಕೆಲಸ ಮಾಡತೊಡಗಿತು. ಸಿನಿಮಾ ಹಾಡುಗಳ ಹಳೆಯ ಡಿಸ್ಕ್ ಹಾಕಿದೆ. ನಾಲ್ಕೈದು ಹಾಡಿನ ಡಿಸ್ಕು, ಒಂದೂ ಅಡ್ಡಿಯಿಲ್ಲದೆ ಹಾಡಿತು.

ಹೊರಗೆ ತೊಟ್ಟಿಲ ಕಾರ್ಯದ ಮಾತುಕತೆಗೆ ಬಂದಿದ್ದ ಬೀಗರು ಚಹಾದ ಬಸಿಯನ್ನು ಕೆಳಗಿಟ್ಟರು.

"ಆತಲ್ಲ್ರಿ! ನಾ ಹೇಳಿದ್ನಿ, ಎಣ್ಣಿ ಇಳೀಬೇಕಾದ್ರ ಒಂದ ದಿನ ಬೇಕಂತ."

ನಾನು ಸ್ಪಿರಿಟ್ಟಿನ ಅರಳೆಗಳನ್ನು ಬಾಚಿ ಒಂದೆಡೆ ಹಾಕಿದೆ. ಬೀಗರಿಗೆ ಉತ್ತರ ಕೊಟ್ಟರೆ ಅದರ ಬಿಸಿ ಮಗಳಿಗೆ ಹತ್ತುತ್ತದೆ.

"ಇನ್ನ ಆಯಿ ಡಿಸ್ಕ್ ಹಾಕವ್ವಾ" ಎಂದು ಸುಮಾ ಒಳಗಿನಿಂದ ಕೂಗಿದಳು.

"ಹಾಕೂದಿಲ್ಲ" ಎಂದೆ.

ಯಜಮಾನರು ನಕ್ಕರು. "ನೋಡ್ರಿ ಬೀಗರ, ಇಕೀ ಹಿಂಗ. ಹಾಡಾಕತ್ತೇತಿ, ಆದ್ರೂ ಇಕೀಗೆ ಅದರಾಗ ಏನರ ಒಂದ ಜಡ್ಡು ಸಿಗಬೇಕು."

ಅವರಿಗೆ ಗೊತ್ತಿದ್ದೂ ಮರೆತ ಮಾತು ಇದು: ಹಳೆಯ ಗ್ರಾಮಫೋನಿನ ತಟ್ಟೆಗಳು ಹೊರ ಅಂಚಿನಿಂದ ಒಳಗೆ ಹಾಡುತ್ತಿದ್ದವು. ಸಿಡಿ ಹಾಗಲ್ಲ, ನಡುವಿನಿಂದ ಶುರುವಾಗಿ ಅಂಚಿಗೆ ಹೋಗುತ್ತದೆ. ಮೊದಲ ಹಾಡಿಗೆ ಲೆನ್ಸ್ ನಡುವಿನಲ್ಲೇ ಇರುತ್ತದೆ, ಕೊನೆಯ ಹಾಡಿಗೆ ಪಟ್ಟಿಯ ತುದಿಗೆ ಹೋಗಿರುತ್ತದೆ. ನಾಲ್ಕೈದು ಹಾಡಿನ ಡಿಸ್ಕಿಗೆ ಅದು ಅರ್ಧ ದಾರಿಯನ್ನೂ ಹೋಗುವುದಿಲ್ಲ. ಶಿವಪ್ಪನಂಥವರು ಮೊದಲ ಹಾಡು ಕೇಳಿಸಿ ಮಾರುವುದು ಯಾಕೆ ಎಂದು ಈಗ ತಿಳಿಯಿತಲ್ಲ? ಎತ್ತನ್ನು ಮೇವಿನ ಗ್ವಾದಲಿಯ ಮುಂದೆಯೇ ನಿಲ್ಲಿಸಿ ತೋರಿಸಿ, ಕುಂಟುವುದಿಲ್ಲ ನೋಡ್ರಿ ಎಂದ ಹಾಗೆ. ಅವ್ವನ ಹಾಡು ಇರುವುದು ಕಟ್ಟಕಡೆಗೆ, ಬಣ್ಣ ಏಳುತ್ತಿರುವ ಅಂಚಿಗೆ. ಅಲ್ಲಿ ಏನಾದರೂ ಎದ್ದು ನಿಂತು ಡಿಸ್ಕಿಗೆ ಒಂದು ಗೀರು ಎಳೆದರೆ ನಮ್ಮವ್ವ ಎರಡನೆಯ ಸಲ ಸಾಯುತ್ತಾಳೆ. ಆಮೇಲೆ ಯಾರ ಎಣ್ಣೆಯಿಂದಲೂ ಬದುಕುವುದಿಲ್ಲ.

ಅಂಚಿನವರೆಗೂ ಹಾಡು ತುಂಬಿದ ಡಿಸ್ಕ್ ಒಂದನ್ನು ಓಣಿಯಲ್ಲಿ ಕೇಳಿ ತರಿಸಿದೆ. ಹಾಕಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊದಲ ಹಾಡಿನಿಂದ ಕೇಳುತ್ತ ಕುಳಿತೆ. ಕೂಸು ಮಲಗಿತು, ಎದ್ದಿತು, ನನ್ನ ಸೀರೆ ಒದ್ದೆ ಮಾಡಿತು. ಏನು ಸುಖ! ಕೊನೆಯ ಹಾಡುಗಳಿಗೆ ಬರುವ ಹೊತ್ತಿಗೆ ಸೆಟ್ ಬಾಯಿ ಬಿಟ್ಟಿತು.

ಟಕ್.

ಸ್ವಲ್ಪ ತಡೆದು, ಮತ್ತೆ ಟಕ್. ಆಮೇಲೆ ಟಕ್ ಟಕ್ ಟಕ್ ಎಂದು ಬಡಿದುಕೊಂಡು, ಹಾಡು ಒಂದೇ ಶಬ್ದದ ಮೇಲೆ ನಿಂತು ಕುಣಿಯತೊಡಗಿತು.

ಆಗ ನೋಡಬೇಕಿತ್ತು ನಮ್ಮ ಮನೆಯ ವೈದ್ಯರನ್ನು. "ಮೋಟಾರ್ ಒಣಗೇತ್ರಿ, ಗಾಡಿಯಾಗ ಬಾಟ್ಲಿ ಐತಿ ತರ್ಲೇನು?" ಎಂದು ಬೀಗರು ಎದ್ದೇಬಿಟ್ಟರು. ಮಂಜುನಾಥ ಶಿವಪ್ಪನಿಗೆ ಫೋನ್ ಮಾಡಿದ. ಶಿವಪ್ಪ ಸೆಟ್ ನೋಡದೆ, ಸಪ್ಪಳ ಕೇಳದೆ, "ಡಿಸ್ಕ್ ಖರಾಬ್ ಐತ್ರಿ" ಎಂದ. ಯಜಮಾನರು ಅಂಗೈ ಎತ್ತಿ ಸೆಟ್ಟಿನ ನೆತ್ತಿಯ ಮೇಲೆ ಇಳಿಸುವವರಿದ್ದರು.

"ಕೈ ಇಳಸ್ರಿ!" ಎಂದೆ. ಕೂಸು ಬೆಚ್ಚಿತು. ಅವರೂ ಬೆಚ್ಚಿದರು.

ನನ್ನ ಹತ್ತಿರ ಮರದ ಹಿಡಿಯ ಉದ್ದ ಸ್ಕ್ರೂಡ್ರೈವರ್ ಒಂದಿದೆ. ಗೋಕಾಕದ ಗೊಂಬೆ ಮಾಡುವವರೊಬ್ಬರು ಹಗುರ ಕಟ್ಟಿಗೆಯಲ್ಲಿ ಕಡೆದು ಕೊಟ್ಟ ಹಿಡಿ. ಅದರ ತುದಿಯನ್ನು ಯಂತ್ರಕ್ಕೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿದರೆ, ಆ ಜಾಗದ ಸಪ್ಪಳ ಮಾತ್ರ ಕಿವಿಗೆ ಬರುತ್ತದೆ, ಉಳಿದದ್ದು ದೂರ ಸರಿಯುತ್ತದೆ. ಮುಚ್ಚಳ ತೆಗೆದು ಒಂದೊಂದು ಮೋಟಾರಿಗೂ ಹಚ್ಚಿ ಕೇಳಿದೆ.

ಡಿಸ್ಕ್ ಯಾವಾಗಲೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಮೊದಲ ಹಾಡಿಗೆ ಜೋರು, ಅಂಚಿಗೆ ಹೋದ ಹಾಗೆ ನಿಧಾನ. ಸಪ್ಪಳ ಡಿಸ್ಕಿನದಾಗಿದ್ದರೆ ಅದರ ಸುತ್ತಿನ ಜೊತೆ ಸೇರಿ ಬರಬೇಕು. ಈ ಟಕ್ ಹಾಗೆ ಬರುತ್ತಿರಲಿಲ್ಲ. ಲೆನ್ಸ್ ಒಂದು ಹೆಜ್ಜೆ ಮುಂದೆ ಸರಿಯಬೇಕೆಂದಾಗ ಮಾತ್ರ ಬರುತ್ತಿತ್ತು. ಸರಿಯಲು ಹೋಗುತ್ತದೆ, ಯಾರೋ ಎದೆಗೆ ಕೈ ಹಚ್ಚಿ ತಡೆಯುತ್ತಾರೆ, ಗಿಯರು ಹಲ್ಲು ಹಾರಿಸಿ ಹಿಂದೆ ಬೀಳುತ್ತದೆ. ಹಾಗಾದರೆ ಮೋಟಾರು ಒಣಗಿಲ್ಲ, ಡಿಸ್ಕ್ ಖರಾಬಿಲ್ಲ. ಹಲ್ಲಿನ ಪಟ್ಟಿಯ ತುದಿಯಲ್ಲಿ ಏನೋ ಕುಳಿತಿದೆ.

ಲೆನ್ಸನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ, ಚಿಮಟಿಗೆ ಇಳಿಸಿ ಎತ್ತಿದೆ. ಹಳದಿ ಬಣ್ಣದ್ದೊಂದು ಬಂತು. ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದೆ. ಅರಿಷಿಣ ಹಚ್ಚಿದ ಅಕ್ಕಿಕಾಳು.

ಸೆಟ್ಟನ್ನು ಬೋರಲು ಮಾಡಿ ಅಲುಗಿಸಿದಾಗ ಇನ್ನಷ್ಟು ಉದುರಿದವು. ಕೆಲವು ಬೀಗರ ಎಣ್ಣೆಯಲ್ಲಿ ನೆನೆದು ಚೆನ್ನಾಗಿ ಉಬ್ಬಿದ್ದವು. ಎಲ್ಲರೂ ಬಾಗಿ ನೋಡಿದರು. ಅವು ಒಳಗೆ ಹೇಗೆ ಹೋದವೆಂದು ಯಾರಿಗೂ ತಿಳಿಯಲಿಲ್ಲ. ನನಗೆ ಆ ಪೆಂಡಾಲು ಕಣ್ಣೆದುರೇ ಕಂಡಿತು. ನಮ್ಮ ಕಡೆ ಲಗ್ನದಲ್ಲಿ ಅಲ್ಲಿಯವರೆಗೆ ಯಾವುದೋ ಹಾಡು ಹಚ್ಚಿರುತ್ತಾರೆ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಗಳಿಗೆಗೆ ಸರಿಯಾಗಿ ವಾದ್ಯದ ಡಿಸ್ಕ್ ಹಚ್ಚಬೇಕು. ಅಂದರೆ ಊರಿನ ಜನವೆಲ್ಲ ಮುಷ್ಟಿ ತುಂಬಿಕೊಂಡು ಒಗೆಯುವ ಹೊತ್ತಿಗೇ ಶಿವಪ್ಪ ಟ್ರೇ ಹೊರಗೆ ತೆರೆದು ಡಿಸ್ಕ್ ಬದಲಿಸುತ್ತಾನೆ. ಹಿಂದಿನ ಸಾಲಿನವರು ಒಗೆದ ಅಕ್ಕಿಕಾಳು ಮದುಮಕ್ಕಳ ತಲೆಯವರೆಗೆ ಎಲ್ಲಿ ಹೋಗುತ್ತದೆ? ಅಲ್ಲೇ ಬಾಯಿ ತೆರೆದು ಕುಳಿತ ಸೆಟ್ಟಿಗೆ ಬೀಳುತ್ತದೆ. ಒಂದು ಲಗ್ನದಲ್ಲಲ್ಲ, ಎಲ್ಲ ಲಗ್ನಗಳಲ್ಲಿಯೂ. ಒಂದು ಟಾವೆಲ್ ಹೊದಿಸಲು ಅವನಿಗೆ ಹೊಳೆಯಲಿಲ್ಲ. ಮದುಮಕ್ಕಳಿಗಿಂತ ಹೆಚ್ಚು ಆಶೀರ್ವಾದ ಆ ಸೆಟ್ಟೇ ಪಡೆದಿತ್ತು!

ಮಂಜುನಾಥ ಮತ್ತೆ ಫೋನ್ ಹಚ್ಚಿ ಹೇಳಿದ. ಶಿವಪ್ಪನ ದನಿ ನಮಗೆಲ್ಲ ಕೇಳಿಸಿತು.

"ಅಕ್ಕಿಕಾಳು ಬಂದಾವೇನ್ರಿ? ಶುಭ ಆತ ಬಿಡ್ರಿ!"

ಬೀಗರು ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಇಂಥವರ ಬಾಯಿಂದ ಶುಭದ ಮಾತು ಬಂದರೆ ಶುಭಕ್ಕೇ ಅವಮಾನ. ಪಟ್ಟಿಯ ಒಂದು ಹಲ್ಲು ಕಾಳಿನ ಒತ್ತಡಕ್ಕೆ ಓರೆಯಾಗಿತ್ತು, ಅದನ್ನು ಬ್ಲೇಡಿನಿಂದ ಮೆಲ್ಲಗೆ ಕೆತ್ತಿ ಸಾಲಿಗೆ ತಂದೆ. ತುಂಬಿದ ಡಿಸ್ಕ್ ಹಾಕಿ ಕೊನೆಯ ಹಾಡಿನ ಕೊನೆಯ ಸಾಲಿನವರೆಗೆ ಕೇಳಿದೆ. ಮೌನ. ಹಾಡು ಬಿಟ್ಟರೆ ಏನೂ ಇಲ್ಲ. ಅವ್ವನ ಡಿಸ್ಕನ್ನು ಮಾತ್ರ ಆಗಲೂ ಹಾಕಲಿಲ್ಲ. ಬಣ್ಣ ಏಳುತ್ತಿರುವ ಡಿಸ್ಕನ್ನು ಸುಮ್ಮನೆ ಎರಡು ಸಲ ಯಾಕೆ ತಿರುಗಿಸಬೇಕು? ತೊಟ್ಟಿಲ ದಿನ ಒಂದೇ ಸಲ ಹಾಕುವುದು, ಅದೇ ಹೊತ್ತಿಗೆ ಅಳಿಯ ತನ್ನ ಫೋನಿಗೆ ತುಂಬಿಕೊಳ್ಳುವುದು ಎಂದು ಗೊತ್ತು ಮಾಡಿದೆವು.

ಆ ದಿನ ಬಂತು. ಕುಲಗೋಡದ ತವರುಮನೆಯ ಅಟ್ಟದಿಂದ ಹಳೆಯ ತೊಟ್ಟಿಲನ್ನು ತಮ್ಮ ಕಳಿಸಿದ್ದ. ಕರಿಮರದ್ದು, ಕಬ್ಬಿಣದ ಸರಪಳಿ, ಮೇಲೆ ಒಂದು ದೊಡ್ಡ ಕೊಕ್ಕೆ. ನಡುಮನೆಯ ಜಂತಿಗೆ ತೂಗು ಹಾಕಿದರು. ಹುಕ್ಕೇರಿಯಿಂದ ಬೀಗರ ಮನೆಯ ಹೆಂಗಸರೆಲ್ಲ ಬಂದರು. ಪದ್ಧತಿಯಂತೆ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಳೆದು, ಕುಂಚಿಗೆ ಹಾಕಿ, ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಭಾರಕ್ಕೆ ಕೊಕ್ಕೆ ಗೊರ್, ಗೊರ್ ಎಂದು ಮೆಲ್ಲಗೆ ಗೊಣಗುತ್ತಿತ್ತು.

ನಾನು ವಿಭೂತಿ ಹಚ್ಚಿಕೊಂಡು ಅವ್ವನ ಡಿಸ್ಕನ್ನು ಅಂಚು ಹಿಡಿದು ಇಟ್ಟೆ. ಟ್ರೇ ಒಳಗೆ ಹೋಯಿತು. ನೇರ ಕೊನೆಯ ಹಾಡಿಗೆ ಗುಂಡಿ ಒತ್ತಿದೆ. ಲೆನ್ಸ್ ಪಟ್ಟಿಯ ತುದಿಯವರೆಗೆ ಹಾದು ಹೋಯಿತು, ಟಕ್ ಅನ್ನಲಿಲ್ಲ. ಅವ್ವ ಹಾಡಿದಳು.

ಸುಮಾ ಸೆರಗು ಬಾಯಿಗೆ ಹಚ್ಚಿಕೊಂಡಳು. ಯಜಮಾನರು ಜಂತಿ ನೋಡುತ್ತ ನಿಂತರು. ನನ್ನ ಅಜ್ಜಿಯ ಅಜ್ಜಿಯ ಹೆಸರು ಬಂತು. ಆ ಹೆಸರು ನನಗೆ ಮರೆತೇ ಹೋಗಿತ್ತು.

ಆದರೆ ಹಾಡಿನ ಜೊತೆಗೆ ಇನ್ನೊಂದು ಸಪ್ಪಳ ಬರುತ್ತಿತ್ತು. ಕಿರ್ರ್… ಕಿರ್. ಕಿರ್ರ್… ಕಿರ್. ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬೀಗರು ಬಾಗಿಲಲ್ಲಿ ನಿಂತು ಮೀಸೆಯೊಳಗೆ ನಗುತ್ತಿದ್ದರು.

"ಬೀಗತಿಯವರ, ನಾ ಏನ್ ಹೇಳಿದ್ನಿ? ಒಂದ ತೊಟ್ಟ ಎಣ್ಣಿ ಬೇಕಿತ್ತು."

ನನ್ನ ಮುಖ ಬಿಸಿಯಾಯಿತು. ಇಷ್ಟು ಜನರ ಮುಂದೆ, ಎಣ್ಣೆಯ ಮನುಷ್ಯನಿಂದ! ಸ್ಕ್ರೂಡ್ರೈವರ್ ತಂದು ಸೆಟ್ಟಿಗೆ ಹಚ್ಚಿ ಕಿವಿ ಕೊಟ್ಟೆ. ಡಿಸ್ಕಿನ ಮೋಟಾರು ಸುಮ್ಮನೆ ತಿರುಗುತ್ತಿತ್ತು. ಲೆನ್ಸಿನ ಪಟ್ಟಿ ಸುಮ್ಮನಿತ್ತು. ಯಂತ್ರದಲ್ಲಿ ಎಲ್ಲಿಯೂ ಕಿರ್ ಇಲ್ಲ. ಸ್ಪೀಕರಿನಲ್ಲಿ ಮಾತ್ರ ಇದೆ. ಇಂಥ ಜಡ್ಡನ್ನು ಯಾವ ಸೆಟ್ಟಿನಲ್ಲೂ ನಾನು ಕಂಡಿರಲಿಲ್ಲ. ಹಾಡು ನಿಲ್ಲಿಸಿದೆ, ಅದೂ ನಿಂತಿತು.

"ಹೊತ್ತು ಮೀರತೈತ್ರಿ, ಕೂಸಿನ ಮಲಗಸೂನು" ಎಂದು ಅಳಿಯನ ಅಕ್ಕ ಅವಸರ ಮಾಡಿದಳು. ಕೂಸಿನ ಸೋದರತ್ತೆ ಅವಳು, ಹೆಸರಿಡುವವಳು. ಕಲ್ಲನ್ನು ತೆಗೆದರು. ನನ್ನ ಬಂಗಾರವನ್ನು ಹೊಸ ಕುಂಚಿಗೆಯಲ್ಲಿ ಮಲಗಿಸಿದರು. ಅತ್ತೆ ಕಿವಿಯಲ್ಲಿ ನೀಲಾ ಎಂದಳು. ತೊಟ್ಟಿಲನ್ನು ಒಂದು ಸಲ ತೂಗಿದರು.

ಕಿರ್ರ್… ಕಿರ್.

"ನೋಡ್ರಿ, ನೋಡ್ರಿ, ಮತ್ತ ಶುರು ಆತು!" ಎಂದು ಬೀಗರು ಸೆಟ್ಟಿನ ಕಡೆ ಬೆರಳು ಮಾಡಿದರು.

"ಬೀಗರ," ಎಂದೆ, "ಸೆಟ್ ಬಂದ್ ಐತ್ರಿ."

ತೊಟ್ಟಿಲು ಹೋಯಿತು, ಕಿರ್ರ್. ಬಂತು, ಕಿರ್. ಎಲ್ಲರ ಕಣ್ಣೂ ಒಂದೊಂದಾಗಿ ಮೇಲೆ ಹೋಗಿ ಕೊಕ್ಕೆಯ ಮೇಲೆ ನಿಂತವು. ಕಲ್ಲಿನ ಭಾರಕ್ಕೆ ಗೊಣಗುತ್ತಿದ್ದ ಕೊಕ್ಕೆ ಕೂಸಿನ ಹಗುರಕ್ಕೆ ಬೇರೆ ದನಿ ತೆಗೆದಿತ್ತು. ನಾನು ಸೆಟ್ಟಿನ ಗುಂಡಿ ಒತ್ತಿದೆ. ಸ್ಪೀಕರಿನೊಳಗಿನ ಕಿರ್ ಮತ್ತು ಜಂತಿಯ ಕಿರ್, ಒಂದು ಹೋದರೆ ಇನ್ನೊಂದು ಬರುತ್ತಿತ್ತು, ನಡುವೆ ನಮ್ಮವ್ವ ಹಾಡುತ್ತಿದ್ದಳು. ಅವ್ವ ಸುಮ್ಮನೆ ಕುಳಿತು ಹಾಡಿರಲಿಲ್ಲ, ತೂ‌ಗುತ್ತ ಹಾಡಿದ್ದಳು. ಇದೇ ತೊಟ್ಟಿಲು. ಪಕ್ಕದ ಹೊರಸಿನ ಮೇಲೆ ನಾನೇ ಮಲಗಿದ್ದೆ. ಕ್ಯಾಸೆಟ್ ಇದ್ದಾಗ ಕೇಳಿದವರೆಲ್ಲ ಅದನ್ನು ಟೇಪಿನ ಕಿರಿಕಿರಿ ಎಂದುಕೊಂಡು ಮರೆತುಬಿಟ್ಟಿದ್ದೆವು.

"ಅವ್ವಾ," ಎಂದಳು ಸುಮಾ, "ಆಯಿ ತೂಗೂ ತೊಟ್ಟಿಲದಾಗ ಯಾರ ಅದಾರ?"

"ಯಾರಿರತಾರ? ನೀನ ಅದೀ."

ಅವಳು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ, ಆನಂದಕ್ಕೆ ಎದೆ ಒಡೆಯುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಅಳಿಯ ಫೋನ್ ಹಿಡಿದುಕೊಂಡು ಹತ್ತಿರ ಬಂದ.

"ಪೂರಾ ರೆಕಾರ್ಡ್ ಆಗೇತ್ರಿ ಅತ್ತಿ. ಕಾಳಜಿ ಮಾಡಬ್ಯಾಡ್ರಿ, ಆ ಕಿರ್ ಕಿರ್ ಅನ್ನೂದನ್ನ ಆ್ಯಪಿನಾಗ ತಗದ ಬಿಡ್ತೇನಿ."

"ತಗೀಪಾ" ಎಂದೆ. "ಅದರ ಕೂಡ ನಿನ್ನ ಹೆಂಡತೀನೂ ಹೋಗತಾಳ."

ಅವನು ಫೋನನ್ನು ಜೇಬಿಗೆ ಇಳಿಸಿದ. ತಿರುಗಿ ನೋಡಿದರೆ ಬೀಗರು ಸ್ಟೂಲಿನ ಮೇಲೆ ಹತ್ತಿ, ಕುಸುಬಿ ಎಣ್ಣೆಯ ಬಾಟಲಿಯ ಬಿರಡೆ ಕಿತ್ತು, ಕೊಕ್ಕೆಗೆ ಕೈ ನೀಡಿದ್ದರು. ಮಗಳಿಗೆ ಹತ್ತಿದರೆ ಹತ್ತಲಿ ಎಂದು ಹೋಗಿ ಬಾಟಲಿ ಕಸಿದುಕೊಂಡೆ.

"ಇಳೀರಿ ಬೀಗರ. ಅದು ಹಾಡಾಕತ್ತೇತಿ."

ಇಷ್ಟು ವರ್ಷದ ಕೆಲಸದಲ್ಲಿ ಯಾವ ಸಪ್ಪಳ ಕೇಳಿದರೂ ಇದು ಎಲ್ಲಿಂದ ಬರುತ್ತದೆ ಎಂದು ಕೇಳುವುದನ್ನು ನಾನು ಕಲಿತಿದ್ದೆ. ಶಿವಪ್ಪನಿಗೂ ಬೀಗರಿಗೂ ಅಷ್ಟೂ ಬಾರದು, ಅದು ಅವರ ಹಣೆಬರಹ. ಯಾವ ಕಾಲದಿಂದ ಬರುತ್ತದೆ ಎಂದೂ ಕೇಳಬೇಕೆಂಬುದು ಮಾತ್ರ ನನಗೂ ಗೊತ್ತಿರಲಿಲ್ಲ. ಅಕ್ಕಿಕಾಳನ್ನು ತೆಗೆಯಬೇಕು, ಕೊಕ್ಕೆಯನ್ನು ಬಿಡಬೇಕು. ಎರಡೂ ಸಪ್ಪಳವೇ. ಎಣ್ಣೆಯ ಬಾಟಲಿ ಹಿಡಿದವನಿಗೆ ಎರಡೂ ಒಂದೇ.

ಆ ಎಣ್ಣೆಯನ್ನು ಅಂದಿನ ಸಾರಿನ ಒಗ್ಗರಣೆಗೆ ಹಾಕಿದೆ. ಒಳ್ಳೆಯ ಎಣ್ಣೆ, ಅಲ್ಲ ಎನ್ನಲಾರೆ. ಬೀಗರು ಎರಡು ಸಲ ಹಾಕಿಸಿಕೊಂಡರು. ಒಳಗೆ ನೀಲಾ ಮಲಗಿದ್ದಳು, ಕೊಕ್ಕೆ ಕಿರುಗುಟ್ಟುತ್ತಿತ್ತು. ಸುಮಾ ತೂಗುತ್ತ, ಅವ್ವನ ಕೊನೆಯ ನುಡಿಯ ಮುಂದೆ ನೀಲಾಳ ಹೆಸರಿನ ಇನ್ನೊಂದು ನುಡಿ ಕಟ್ಟಲು ನೋಡುತ್ತಿದ್ದಳು.